ಬಿಚ್ಚಿ ಹೊಲಿದ ಖಾಕಿ ಅಂಗಿ

ಹೋದ ಭಾನುವಾರ ಶಾರದೆಯ ಬಾಣಂತನಕ್ಕೆಂದು ಹಾಸಿ ಹೊದೆಯುವ ಕೌದಿ ಹೊಲಿಸಲು ನೀವೆಲ್ಲ ಹಳೆಯ ಬಟ್ಟೆ ಆರಿಸುತ್ತ ಕೂತಿದ್ದಿರಿ. ನನ್ನ ಟ್ರಂಕಿನ ತಳದಿಂದ ಶಾರದೆ ತಲೆಗೆ ಸುತ್ತುವ ಒಂದು ರುಮಾಲು ಎತ್ತಿಕೊಂಡು ಬಂದು, "ಆಯಿ, ಇದು ಪೂರಾ ಜೀರ್ಣ ಆಗೈತಿ. ಕೌದಿ ನಡುವಿಗೆ ಹಾಕಿಸೋಣೇನು?" ಎಂದು ಕೇಳಿದಳು. ಅದರ ಮಡಿಕೆಗಳಿಂದ ಒಣ ಬೇವಿನ ಎಲೆ ಉದುರಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅವಳ ಕೈಯಿಂದ ಅದನ್ನು ಕಸಿದುಕೊಂಡು ಒಳಗೆ ಹೋಗಿಬಿಟ್ಟೆ. ನೀವು ಒಬ್ಬರ ಮುಖ ಒಬ್ಬರು ನೋಡಿದಿರಿ. ಎಂದೂ ಒಂದು ಜೋರು ಮಾತು ಆಡದ ಮುದುಕಿ ಬಸುರಿ ಮೊಮ್ಮಗಳ ಕೈಯಿಂದ ಬಟ್ಟೆ ಕಸಿದುಕೊಂಡಳು ಎಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಯಾಕೆಂದು ಹೇಳಲು ಆಗ ಬಾಯಿ ಬರಲಿಲ್ಲ. ನನಗೆ ಮೊದಲಿನಿಂದಲೂ ನಾಲ್ಕು ಜನರ ಎದುರು ಮಾತು ಬರುವುದಿಲ್ಲ. ಊರ ಗುಡಿಯ ಕಟ್ಟೆಯ ಮೇಲೆ ಕೂರಿಸಿ ಮಾಸ್ತರರು ಕಲಿಸಿದ ಅಕ್ಷರ ಮಾತ್ರ ಕೈಯಲ್ಲಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ದೊಡ್ಡ ಯುದ್ಧದ ಕಾಲ. ನಮ್ಮದು ಯಲಬುರ್ಗಿ ಸೀಮೆಯ ಸಣ್ಣ ಊರು. ಕೆಂಪು ಮಸಾರಿ ನೆಲ, ನಿಜಾಮರ ಆಡಳಿತ. ಈ ಗಂಗಾವತಿಯ ಹಾಗೆ ಕಾಲುವೆ ನೀರು, ಎರಡು ಬೆಳೆ ಬತ್ತ ಏನೂ ಇಲ್ಲ. ಮಳೆ ಬಂದರೆ ಸಜ್ಜೆ, ಹೆಸರು. ನಾನು ಆ ಮನೆಗೆ ಸೊಸೆಯಾಗಿ ನಡೆಯಲು ಬಂದು ಎರಡನೆಯ ವರ್ಷ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಿಮ್ಮ ಅಜ್ಜ, ನಾನು, ಮೂವರೇ.

ನಿಮ್ಮ ಅಜ್ಜ ಸಿಪಾಯಿ ಎಂದರೆ ನೀವು ವರ್ಷವಿಡೀ ಬಂದೂಕು ಹಿಡಿದವರನ್ನು ನೆನೆಯುತ್ತೀರಿ. ಅವರು ಹಾಗಿರಲಿಲ್ಲ. ಆಗ ಹಂಗಾಮಿ ಪಲ್ಟನ್ ಎಂದು ಒಂದಿತ್ತು. ಅದರಲ್ಲಿ ಹೆಸರು ಹಚ್ಚಿದವರು ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಒಂದು ತಿಂಗಳು ಕೊಪ್ಪಳಕ್ಕೆ ಹೋಗಿ ಪರೇಡು ಮಾಡಿ ಬರಬೇಕು. ಉಳಿದ ದಿನ ತಮ್ಮ ಹೊಲ, ತಮ್ಮ ಎತ್ತು. ಖಾಕಿ ಬಟ್ಟೆ ಮಾತ್ರ ಮನೆಯಲ್ಲಿಯೇ ಇರುತ್ತಿತ್ತು, ಗೂಟಕ್ಕೆ ತೂಗುಹಾಕಿ. ಊರಲ್ಲಿ ಇಂಥವರನ್ನು ಅರ್ಧ ಸಿಪಾಯಿ ಎನ್ನುತ್ತಿದ್ದರು. ನಿಮ್ಮ ಅಜ್ಜ ಎತ್ತು ಹೊಡೆದುಕೊಂಡು ಹೊರಟರೆ ಕಟ್ಟೆಯ ಮೇಲಿನವರು, "ಏನೋ ಅರ್ಧ ಸಿಪಾಯಿ, ಇವತ್ತು ಯಾವ ಅರ್ಧ ಹೊಲಕ್ಕ ಹೊಂಟೈತಿ?" ಎನ್ನುವರು. "ಉಣ್ಣೂ ಅರ್ಧ" ಎಂದು ಇವರು ನಗದೆ ಹೇಳಿ ಮುಂದೆ ಹೋಗುವರು.

ಆ ವರ್ಷ ಬೇಸಿಗೆಯಲ್ಲಿ ಚಾವಡಿಯ ಮುಂದೆ ಡಂಗುರ ಹೊಡೆಸಿದರು. ಹಂಗಾಮಿ ಪಲ್ಟನ್ನಿನವರೆಲ್ಲ ಕೊಪ್ಪಳದಲ್ಲಿ ಹಾಜರಾಗಬೇಕು, ಈ ಸಲ ಒಂದು ತಿಂಗಳ ಮಾತಲ್ಲ, ಯುದ್ಧ ಮುಗಿಯುವವರೆಗೆ ಎಂದು. ನಿಮ್ಮ ಅಜ್ಜ ಎಲ್ಲರ ಹಾಗೆ ಹೋಗಿ ಹಾಜರಾದರು. ಮಿರಗದ ಮಳೆ, ಅಂದರೆ ಬಿತ್ತನೆಯ ಮೃಗಶಿರ ಮಳೆ, ಹತ್ತಿರ ಬಂದಾಗ, ಬಿತ್ತನೆ ಮಾಡಿ ಬರುತ್ತೇನೆಂದು ಹತ್ತು ದಿನದ ರಜೆ ಕೇಳಿ ಊರಿಗೆ ಬಂದರು.

ಮಳೆ ಬರಲಿಲ್ಲ. ರಜೆ ಮುಗಿಯಿತು. ಮುಂಜಾನೆ ಎದ್ದು ಅಂಗಳದಲ್ಲಿ ನಿಂತು ಆಕಾಶ ನೋಡುವರು, ಬಿತ್ತುವ ಕೂರಿಗೆಯನ್ನು ಮುಟ್ಟಿ ನೋಡುವರು, ಒಳಗೆ ಬಂದು ಗೂಟದ ಮೇಲಿನ ಖಾಕಿ ನೋಡುವರು. ಅತ್ತೆ, "ಮಳಿ ಬರೂ ಮಟ ಇರಪ. ಬಿತ್ತಲಾರದ ಹೋದ್ರ ನಾವಿಬ್ರು ಹೆಣಮಕ್ಕಳು ಏನ್ ತಿನ್ನೂದು?" ಎಂದರು.

"ಇರತೀನಿ ಬಿಡಬೇ. ಪರೇಡಿಗೆ ತಡ ಆದವರಿಗೆ ಹವಾಲ್ದಾರ ಎರಡು ಮಾತು ಬೈದು ಮೈದಾನ ಸುತ್ತ ಓಡಸ್ತಾನ. ಓಡಿದ್ರಾತು. ನಾವೇನು ಪೂರಾ ಸಿಪಾಯಿಗಳೇನು?"

ಇದೇ ತಿಳಿವಳಿಕೆ ಎಲ್ಲದಕ್ಕೂ ಮೂಲವಾಯಿತು. ವರ್ಷಕ್ಕೊಂದು ತಿಂಗಳ ಪರೇಡಿನಲ್ಲಿ ಅವರು ಕಂಡ ಕಾಯ್ದೆ ಅಷ್ಟೇ. ಕರೆ ಬಂದ ಮೇಲೆ ಕಾಯ್ದೆ ಬೇರೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ಕೈಯಲ್ಲಿ ಬೀಜ ಹಿಡಿದು ಆಕಾಶ ನೋಡುವ ಒಕ್ಕಲಿಗನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ.

ಕೊನೆಗೂ ಮಳೆ ಬಂತು. ನಮ್ಮ ಒಂದು ಎತ್ತು ಕಾಲು ಕುಂಟುತ್ತಿತ್ತು. ತಾವರಗೇರಿಯಲ್ಲಿದ್ದ ಅವರ ಅಕ್ಕನ ಮನೆಯಿಂದ ಒಂದು ಎತ್ತು ತಂದು ಜೋಡಿ ಮಾಡಿಕೊಂಡಿದ್ದೆವು. ಅವರು ಕೂರಿಗೆ ಹೊಡೆದರು, ನಾನು ಹಿಂದೆ ಹಿಂದೆ ನಡೆಯುತ್ತ ಬಟ್ಟಲಿಗೆ ಸಜ್ಜೆ ಕಾಳು ಬಿಟ್ಟೆ. ನಾವಿಬ್ಬರೂ ಮಾತು ಕಡಿಮೆಯವರು. ತಿರುವಿನಲ್ಲಿ ಅವರು ಎತ್ತು ನಿಲ್ಲಿಸಿ, ನನ್ನ ಉಡಿಯಲ್ಲಿ ಕಾಳು ಎಷ್ಟು ಉಳಿದಿದೆ ಎಂದು ನೋಡುವ ನೆಪದಲ್ಲಿ ಮುಖ ನೋಡುವರು. ನಾನು ಮುಟ್ಟು ನಿಂತದ್ದನ್ನು ಅತ್ತೆಗೆ ಹೇಳಿದ್ದೆ. ಅತ್ತೆ ಅವರಿಗೆ ಹೇಳಿರಬೇಕು. ಆ ದಿನ ಒದ್ದೆ ಮಣ್ಣು ಕಾಲಿಗೆ ಹತ್ತಿದ್ದು, ಎತ್ತಿನ ಬೆನ್ನಿನಿಂದ ಹಬೆ ಎದ್ದದ್ದು ಈಗಲೂ ನನ್ನ ಕಣ್ಣಲ್ಲಿದೆ.

ಬಿತ್ತನೆ ಮುಗಿದ ಮರುದಿನ ಎತ್ತನ್ನು ತಿರುಗಿ ಕೊಡಲು ಅವರು ತಾವರಗೇರಿಗೆ ನಡೆದುಕೊಂಡು ಹೋದರು. ಬಂದ ಕೂಡಲೇ ಕೊಪ್ಪಳಕ್ಕೆ ಹೊರಡುವುದು ಎಂದು ಹೇಳಿಯೇ ಹೋಗಿದ್ದರು. ಅವರು ಅತ್ತ ಹೋದಾಗ ಇತ್ತ ಸುದ್ದಿ ಬಂತು. ಪಕ್ಕದ ಊರಿನ ಒಬ್ಬ ಹಂಗಾಮಿ ಸಿಪಾಯಿಯನ್ನು ಕೈಗೆ ಹಗ್ಗ ಕಟ್ಟಿ ಒಯ್ದರಂತೆ, ಫರಾರಿ ಎಂದು ಹೇಳಿದರಂತೆ. ಅಂದರೆ ಪಲ್ಟನ್ ಬಿಟ್ಟು ಓಡಿಹೋದವನು. ಅವನನ್ನು ವರ್ಷಗಟ್ಟಲೆ ಜೈಲಿಗೆ ಹಾಕುತ್ತಾರಂತೆ.

ಅತ್ತೆಗೆ ಕೂತಲ್ಲಿ ಕೂರಲು ಆಗಲಿಲ್ಲ. ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯುವ ಯಲ್ಲವ್ವ ಕೂತಿದ್ದಳು. ಹುಟ್ಟುವ ಕೂಸಿಗೆ ಒಂದು ಸಣ್ಣ ಕೌದಿ ಎಂದು ಅತ್ತೆಯೇ ಅವಳನ್ನು ಕರೆಸಿದ್ದರು. ನಾನು ಬಾವಿಗೆ ಹೋಗಿ ಕೊಡ ಹೊತ್ತು ಬರುವಷ್ಟರಲ್ಲಿ ಗೂಟ ಬರಿದಾಗಿತ್ತು. ನನ್ನ ಹಸಿರು ಸೀರೆಯ ತುಂಡು, ಮಾವನ ಧೋತರದ ತುಂಡು, ಅವುಗಳ ನಡುವೆ ಖಾಕಿ ತುಂಡುಗಳು. ಅತ್ತೆ ಅಂಗಿಯನ್ನು ಹೊಲಿಗೆ ಹೊಲಿಗೆಗೆ ಬಿಡಿಸಿ ಕೊಟ್ಟಿದ್ದರು. ಚಡ್ಡಿ, ಪಟ್ಟಾ ಎರಡನ್ನೂ ಕಾಳಿನ ಬುಟ್ಟಿಯಲ್ಲಿ ಹುಗಿದಿದ್ದರು.

"ಹಂಗ ನಿಂತು ಏನ್ ನೋಡ್ತಿ? ಅಂಗಿ ಮನ್ಯಾಗ ಇಲ್ಲಂದ್ರ ಸಿಪಾಯಿನೂ ಮನ್ಯಾಗ ಇಲ್ಲ. ಯಾರರ ಬಂದ್ರ ಕೂಸಿನ ಕೌದಿ ಬಿಚ್ಚಿ ನೋಡ್ತಾರೇನು?" ಎಂದರು ಅತ್ತೆ.

ಯಲ್ಲವ್ವ ಸೂಜಿ ಕಚ್ಚಿಕೊಂಡು, "ಭಾಳ ಗಟ್ಟಿ ಬಟ್ಟಿ ಐತವ್ವ. ನಿನ್ನ ಮೊಮ್ಮಗ ಇದರಾಗ ಮಲಗಿದ್ರ ಥಂಡಿ ಹತ್ತಂಗಿಲ್ಲ" ಎಂದಳು.

ಎರಡು ವರ್ಷದ ಸೊಸೆ ಏನು ಹೇಳುತ್ತಾಳೆ? ಕೊಡ ಇಳಿಸಿ ಒಳಗೆ ಹೋದೆ. ನಮ್ಮ ಕಡೆ ಬಟ್ಟೆ ಎಂದೂ ಸಾಯುವುದಿಲ್ಲ, ಕೌದಿಯಾಗುತ್ತದೆ. ಬಚ್ಚಿಡಬೇಕಾದ ಬಟ್ಟೆಗೆ ಕೌದಿಗಿಂತ ಒಳ್ಳೆಯ ಜಾಗ ಅತ್ತೆಗೆ ತೋಚಲಿಲ್ಲ.

ನಿಮ್ಮ ಅಜ್ಜ ತಾವರಗೇರಿಯಿಂದ ಬಂದಾಗ ಕೌದಿ ಮುಗಿದು, ಅಂಚು ಹಾಕುವುದೊಂದು ಉಳಿದಿತ್ತು. ಅವರು ಕಾಲು ತೊಳೆದು ಒಳಗೆ ಬಂದು ಗೂಟ ನೋಡಿದರು, ಕೌದಿ ನೋಡಿದರು. "ಯವ್ವಾ, ಏನ್ ಮಾಡಿದಿ" ಎಂದರು, ಅಷ್ಟೇ. ಬೈಯಲಿಲ್ಲ. ಹಾಗೇ ಹೋಗಿ ಹವಾಲ್ದಾರ ಕಾಕಾನನ್ನು ಕರೆದುಕೊಂಡು ಬಂದರು.

ಹವಾಲ್ದಾರ ಕಾಕಾ ಎಂದರೆ ನಮ್ಮ ಓಣಿಯ ಹುಸೇನಸಾಬರು. ಹಿಂದೆ ಪಲ್ಟನ್ನಿನಲ್ಲಿ ಹವಾಲ್ದಾರರಾಗಿದ್ದು ಕಾಲು ಪೆಟ್ಟಾಗಿ ಊರಿಗೆ ಬಂದವರು. ಮಾವನ ಗೆಳೆಯರು. ಅವರು ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಸೆಟೆದ ಕಾಲು ಚಾಚಿ ಕೂತು, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಖಾಕಿ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ನಾ ಅರ್ಧ ಸಿಪಾಯಿ ಅಲ್ಲೇನ್ರಿ ಕಾಕಾ. ನಮಗೂ ಈ ಫರಾರಿ ಕಾಯ್ದೆ ಐತೇನ್ರಿ?" ಎಂದರು ಇವರು.

"ಕರಿ ಬರೂ ಮಟ ನೀ ಒಕ್ಕಲಿಗ. ಹೊಲದಾಗ ಇದ್ರೂ ಅಷ್ಟ, ಸಂತ್ಯಾಗ ಇದ್ರೂ ಅಷ್ಟ, ಯಾರೂ ಕೇಳಂಗಿಲ್ಲ. ಪಲ್ಟನ್ ಕರದು, ನೀ ಹೋಗಿ ಹಾಜರ್ ಅಂದಿ ನೋಡು, ಅವತ್ತಿನಿಂದ ನೀ ಪೂರಾ ಸಿಪಾಯಿ. ಬಿಟ್ಟು ಕಳಸೂ ಮಟ ಪೂರಾ. ರಜಾದಾಗ ಇದ್ದಾಗೂ ಪೂರಾ. ಅರ್ಧ ಸಿಪಾಯಿಗೆ ಅರ್ಧ ಕಾಯ್ದೆ ಅಂತ ಇಲ್ಲಪ."

"ಮತ್ತ ತಡ ಮಾಡಿದವರೆಲ್ಲಾ ಫರಾರಿ ಏನ್ರಿ?"

"ಅಲ್ಲ. ತಿರಿಗಿ ಹೋಗೂ ಮನಸಿಟ್ಟು ತಡ ಮಾಡಿದ್ರ ಅದು ಗೈರುಹಾಜರಿ. ಅದಕ್ಕ ಶಿಕ್ಷಾ ಐತಿ, ಆದ್ರ ಸಣ್ಣದು. ತಿರಿಗಿ ಹೋಗೂ ಮನಸ ಇಲ್ಲದ ಉಳದ್ರ ಫರಾರಿ."

ನಾನು ಬಾಗಿಲ ಮರೆಯಲ್ಲಿದ್ದೆ. ಹಿರಿಯರ ಎದುರು ಎಂದೂ ಬಾಯಿ ತೆರೆದವಳಲ್ಲ. ಆದರೆ ಆ ಪ್ರಶ್ನೆ ನನ್ನಿಂದ ಹೊರಗೆ ಬಂದುಬಿಟ್ಟಿತು. "ಮನಸಿನಾಗಿಂದು ಅವರಿಗೆ ಹೆಂಗ ಗೊತ್ತಾಕೈತ್ರಿ ಕಾಕಾ?"

ಕಾಕಾ ಬಾಗಿಲ ಕಡೆ ತಿರುಗದೆಯೇ ಉತ್ತರ ಕೊಟ್ಟರು. "ಛಲೋ ಕೇಳಿದಿ ಮಗಳ. ಸೊಸಿ ತವರಿಗೆ ಹೊಕ್ಕಾಳ. ಪಂಚಮಿಗೆ ಹೋದಾಕಿ ದಸರಾ ಆದ್ರೂ ಬರಲಿಲ್ಲ. ಆಗ ಅತ್ತಿ ಏನ್ ಮಾಡ್ತಾಳ? ಒಳಗ ಹೋಗಿ ಆಕಿ ಟ್ರಂಕ್ ಐತೋ ಇಲ್ಲೋ ನೋಡ್ತಾಳ. ಟ್ರಂಕ್ ಮನ್ಯಾಗ ಇದ್ರ ಸೊಸಿ ಬರತಾಳ, ತಡ ಆಗೈತಿ ಅಷ್ಟ. ಟ್ರಂಕ್ ಹೊತಗೊಂಡ ಹೋಗಿದ್ರ ಆಕಿ ಬರಾಕಿ ಅಲ್ಲ. ಸರಕಾರಾನೂ ಹಂಗ ನೋಡತೈತಿ. ಏನ್ ಇಟಗೊಂಡಾನ, ಏನ್ ಬಿಟ್ಟಾನ. ಸಿಪಾಯಿ ಟ್ರಂಕ್ ಅಂದ್ರ ಈ ಬಟ್ಟಿ. ಇದನ್ನ ಹರದು ಕೌದಿ ಮಾಡಿದವ ತಿರಿಗಿ ಬರತಿದ್ದ ಅಂದ್ರ ಯಾರು ನಂಬತಾರ?"

ಅತ್ತೆ ಸೆರಗು ಬಾಯಿಗೆ ಹಿಡಿದು ಕೂತರು. ಮಗನನ್ನು ಬಚ್ಚಿಡಲು ಮಾಡಿದ್ದೇ ಮಗನನ್ನು ಹಿಡಿದುಕೊಡುವಂತಾಗಿತ್ತು.

ನಾನು ಹೊರಗೆ ಬಂದು ಕಾಕಾನ ತೊಡೆಯ ಮೇಲಿನ ಕೌದಿ ಎತ್ತಿಕೊಂಡು ಅಂಗಳದ ಬೆಳಕಿನಲ್ಲಿ ಕೂತೆ. ಸೂಜಿಯ ಮೊನೆಯಿಂದ ದಾರ ಎಬ್ಬಿಸಿ ಒಂದೊಂದೇ ಹೊಲಿಗೆ ಬಿಚ್ಚತೊಡಗಿದೆ. ಯಲ್ಲವ್ವನ ಕೈ ಎಂಥದ್ದೆಂದರೆ ಜೋಳದ ಕಾಳಿನಷ್ಟು ಜಾಗಕ್ಕೊಂದು ಹೊಲಿಗೆ. ಮರುದಿನ ಅಂಚು ಹಾಕಲು ಬಂದವಳು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಂಗಿ ಹರದು ಕೌದಿ ಹೊಲದೇನಿ. ಕೌದಿ ಹರದು ಅಂಗಿ ಹೊಲಿಯೂದು ಇದ ಮನ್ಯಾಗ ಕಂಡೆ. ಸರಿ ಅತ್ತಾಗ, ನಿನ್ನ ಕೈಲಿ ಆಗಂಗಿಲ್ಲ, ನನ್ನ ಹೊಲಿಗಿ ನಾನ ಬಿಚ್ಚತೀನಿ."

ಆಕೆ ಬಿಚ್ಚಿಕೊಟ್ಟಳು, ನಾನು ಜೋಡಿಸಿ ಹೊಲಿದೆ. ಅತ್ತೆ ತುಂಡುಗಳನ್ನು ನೆಲದ ಮೇಲೆ ಅಂಗಿಯ ಆಕಾರಕ್ಕೆ ಹೊಂದಿಸಿ ಹೊಂದಿಸಿ ಕೊಟ್ಟರು. ಹೊಲಿಗೆಗೇ ಬಟ್ಟೆ ಹೋಗಿ ತೋಳು ಗಿಡ್ಡವಾಯಿತು, ಬೆನ್ನಿನ ನಡುವಿನ ಹೊಲಿಗೆ ಸೊಟ್ಟವಾಯಿತು. ತೊಟ್ಟು ನೋಡಿ ಅಂದಾಗ ಇವರು ತೊಟ್ಟು, ಮುಂಗೈ ಚಾಚಿ, "ನಂಗ ಹೊಲದ್ಯೋ, ನಿನ್ನ ಹೊಟ್ಯಾಗ ಇರಾವಗ ಹೊಲದ್ಯೋ?" ಎಂದರು. ಯಲ್ಲವ್ವ ಬಿದ್ದು ಬಿದ್ದು ನಕ್ಕಳು. ಅತ್ತೆಯೂ ನಕ್ಕರು. ಕೂಸಿನ ಬಗ್ಗೆ ನಿಮ್ಮ ಅಜ್ಜ ನನ್ನ ಹತ್ತಿರ ಆಡಿದ ಮಾತು ಅದೊಂದೇ.

ಕಾಕಾನ ಗಾಡಿ, ಎತ್ತು ಕಟ್ಟಿಕೊಂಡು ಕೊಪ್ಪಳಕ್ಕೆ ಹೊರಟೆವು. ಹಿಡಿದು ಒಯ್ಯುವ ಮೊದಲು ತಾನಾಗಿ ಹೋಗಬೇಕು ಎಂದು ಕಾಕಾ ಅವಸರ ಮಾಡಿದರು. "ಹೊಲದಾಕಿ ಬರಲಿ. ಅಂಗಿ ಬಗ್ಗೆ ಕೇಳೇ ಕೇಳ್ತಾರ" ಎಂದು ನನ್ನನ್ನೂ ಹತ್ತಿಸಿದರು. ನಾನು ಗಾಡಿಯ ಹಿಂದಿನ ತುದಿಗೆ, ಅವರಿಬ್ಬರು ಮುಂದೆ.

ದಾರಿಯಲ್ಲಿ ಕಾಕಾ ಹೇಳಿದರು, "ನಾ ಊರಾಗ ಇರಲಿಲ್ಲ, ನಮ್ಮವ್ವ ತಿಳೀಲಾರದ ಕೊಟ್ಟಳು ಅಂತ ಹೇಳು. ಖರೇ ಹೇಳಿದ್ರ ಸಾಕು."

"ಅವ್ವನ ಹೆಸರು ಬ್ಯಾಡ ಕಾಕಾ. ಆ ವಯಸಿನಾಗ ಆಕಿನ್ನ ಕಚೇರ್ಯಾಗ ನಿಂದರಸ್ತಾರ. ನಾನ ಕೊಟ್ಟೆ ಅಂತೀನಿ."

"ಹಂಗಂದ್ರ ನಿನ್ನ ಬಾಯಿಲೇ ನೀ ಫರಾರಿ ಅಂದಂಗ ಆತು."

ಇವರು ಎತ್ತಿನ ಬಾಲ ತಿರುವಿದರು. ಮಾತು ಮುಗಿಯಿತು ಎಂದು ಅದರ ಅರ್ಥ. ನಾನು ಹಿಂದೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಸೊಟ್ಟ ಹೊಲಿಗೆಯನ್ನೇ ನೋಡುತ್ತಿದ್ದೆ.

ಕೊಪ್ಪಳದ ಕೋಟೆ ಗುಡ್ಡದ ಕೆಳಗೆ ಒಂದು ಬಂಗಲೆಯಲ್ಲಿ ಪಲ್ಟನ್ನಿನ ಕಚೇರಿ. ವರಾಂಡದಲ್ಲಿ ಮೇಜು ಹಾಕಿಕೊಂಡು ಒಬ್ಬ ಸಾಹೇಬರು ಕೂತಿದ್ದರು. ವಯಸ್ಸಾದವರು, ಉರ್ದು ಮಾತು. ಅವರು ಕೇಳಿದ್ದನ್ನು ಕಾಕಾ ಕನ್ನಡದಲ್ಲಿ ಹೇಳುವರು. ನನಗೆ ಅರ್ಥವಾಗುತ್ತಿದ್ದ ಮಾತು ಎರಡೇ. ಗೈರುಹಾಜರ್, ಫರಾರಿ.

ಸಾಹೇಬರು ಇವರನ್ನು ತಿರುಗಿಸಿ ನಿಲ್ಲಿಸಿ ಅಂಗಿ ನೋಡಿದರು. ಇದೇನು, ಸರಕಾರದ ಬಟ್ಟೆ ಯಾರು ಹರಿದರು ಎಂದು ಕೇಳಿದರು.

"ನಾನ ಕೊಟ್ಟೆ ಸಾಹೇಬ್ರ" ಎಂದರು ಇವರು.

ಕಾಕಾ ಅದನ್ನು ಉರ್ದುವಿನಲ್ಲಿ ಹೇಳದೆ ನಿಂತರು. ಆದರೆ ಸಾಹೇಬರಿಗೆ ಅಷ್ಟು ಕನ್ನಡ ಬರುತ್ತಿತ್ತು. ಅವರ ಬಾಯಿಂದ ಫರಾರಿ ಎಂಬ ಮಾತು ಬಂತು. ಪಕ್ಕದಲ್ಲಿದ್ದವನು ಬರೆಯಲು ಲೆಕ್ಕಣಿಕೆ ಎತ್ತಿದ.

ಸೆರಗು ಮೂಗಿನವರೆಗೆ ಎಳೆದುಕೊಂಡಿದ್ದೆ, ಎದುರಿನವರ ಕಾಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆ ಕಾಲುಗಳಿಗೇ ಹೇಳಿದೆ. "ಅವರು ಊರಾಗ ಇರಲಿಲ್ರಿ. ಎತ್ತು ಕೊಡಾಕ ಹೋಗಿದ್ರು. ನಮ್ಮತ್ತಿ ಅಂಜಿ ಕೌದಿಗೆ ಹಾಕ್ಯಾರ. ನಾ ಬಿಚ್ಚಿ ಹೊಲದೇನಿ."

"ಸುಮ್ನಿರು" ಎಂದರು ನಿಮ್ಮ ಅಜ್ಜ. ಗಂಡ ಜನರೆದುರು ಸುಮ್ಮನಿರು ಎಂದರೆ ಸುಮ್ಮನಿರಬೇಕು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆ.

ಕಾಕಾ ಈಗ ಬಡಬಡನೆ ಎಲ್ಲವನ್ನೂ ಉರ್ದುವಿನಲ್ಲಿ ಹೇಳಿದರು. ಸಾಹೇಬರು ಎದ್ದು ಬಂದರು. ಇವರ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು. ಕೌದಿಯ ಹೊಲಿಗೆ ಬಿಚ್ಚಿದ ಜಾಗದಲ್ಲೆಲ್ಲ ಸೂಜಿಯ ತೂತು, ಸಾಲು ಸಾಲು, ಬಿತ್ತಿದ ಹೊಲದ ಹಾಗೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಕಾನಿಗೆ ಏನೋ ಹೇಳಿದರು.

"ಇಷ್ಟು ಹೊಲಿಗಿ ಬಿಚ್ಚಿ ಮತ್ತ ಯಾಕ ಹೊಲದಿ ಅಂತ ಕೇಳ್ತಾರವ್ವ" ಎಂದರು ಕಾಕಾ.

"ಅವರು ತಿರಿಗಿ ಹೋಗಬೇಕಾಗಿತ್ತಲ್ರಿ" ಎಂದೆ.

ಸಾಹೇಬರು ಮೇಜಿಗೆ ಹೋಗಿ ಕೂತು ಗೈರುಹಾಜರ್ ಎಂದರು. ಕಾಕಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅತ್ತೆಯನ್ನು ಕರೆಸಲಿಲ್ಲ. ಕೆಲವು ದಿನ ಕಾವಲಿನಲ್ಲಿ ಇಡುವುದು, ಆಮೇಲೆ ಪಲ್ಟನ್ನಿನ ಜೊತೆ ರೈಲಿಗೆ ಹತ್ತಿಸುವುದು ಎಂದು ತೀರ್ಮಾನವಾಯಿತು.

ಕಾವಲಿನವನು ಕರೆದೊಯ್ಯುವ ಮೊದಲು ತಲೆಯ ರುಮಾಲು ತೆಗೆ, ಟೋಪಿ ಹಾಕಬೇಕು ಎಂದ. ನಿಮ್ಮ ಅಜ್ಜ ರುಮಾಲನ್ನು ಬಿಚ್ಚದೆ, ಸುತ್ತಿದ್ದು ಸುತ್ತಿದ ಹಾಗೆ ಎರಡೂ ಕೈಯಿಂದ ಎತ್ತಿ ನನ್ನ ಕೈಯಲ್ಲಿ ಇಟ್ಟರು. ಸಿಟ್ಟಾಗಿದ್ದಾರೆ ಎಂದು ನಾನು ಮುಖ ಎತ್ತಲಿಲ್ಲ.

"ಸುತ್ತು ಬಿಚ್ಚಬ್ಯಾಡ. ಬಂದ ಮ್ಯಾಲ ಹಂಗ ತಲಿಗೆ ಇಟಗೊಂತೀನಿ" ಎಂದರು.

ಅವರು ಹೋಗುವಾಗ ಸೆರಗು ಸರಿಸಿ ನೋಡಿದೆ. ಬೆನ್ನಿನ ಮೇಲೆ ನನ್ನ ಸೊಟ್ಟ ಹೊಲಿಗೆ ಮೇಲಿಂದ ಕೆಳಗೆ ಹೋಗಿತ್ತು. ಬಾಗಿಲ ಮರೆಗೆ ಅದು ಹೋಯಿತು.

ನಾವು ಊರಿಗೆ ಬಂದಾಗ ಸಜ್ಜೆ ಮೊಳಕೆಯೊಡೆದಿತ್ತು. ಆ ವರ್ಷ ಒಳ್ಳೆಯ ಬೆಳೆ. ನಾನೂ ಅತ್ತೆಯೂ ಕೊಯ್ದೆವು. ಉಳಿದ ತುಂಡುಗಳ ಜೊತೆಗೆ ಅತ್ತೆ ತಮ್ಮ ಮದುವೆಯ ಸೀರೆ ಹರಿದುಕೊಟ್ಟು ಕೌದಿಯನ್ನು ಮತ್ತೆ ಹೊಲಿಸಿದರು. ಅದರಲ್ಲೇ ನಿಮ್ಮ ಅಪ್ಪ ಮಲಗಿದ್ದು. ಕೂಸು ಅಂಬೆಗಾಲಿಡುವ ಹೊತ್ತಿಗೆ ಚಾವಡಿಯಿಂದ ಕರೆ ಬಂತು. ಸಮುದ್ರದ ಆಚೆ ಯಾವುದೋ ಕಾಡಿನಲ್ಲಿ ಜ್ವರ ಬಂದು ತೀರಿಕೊಂಡರು ಎಂದು ಓದಿ ಹೇಳಿದರು. ಅಲ್ಲಿಯೇ ಮಣ್ಣು ಮಾಡಿದ್ದರು.

ಕೆಲವು ದಿನಗಳ ಮೇಲೆ ಅತ್ತೆಯೂ ನಾನೂ ಎದುರು ಬದುರು ಕೂತು ಬೀಸುತ್ತಿದ್ದೆವು. ಬೀಸುವ ಕಲ್ಲಿನ ಒಂದೇ ಗೂಟಕ್ಕೆ ಇಬ್ಬರ ಕೈ. ಬೀಸುತ್ತ ಬೀಸುತ್ತಲೇ ಅತ್ತೆ ಹೇಳಿದರು, "ನೀ ಸುಮ್ನಿದ್ದಿದ್ರ ಫರಾರಿ ಅಂತ ಜೇಲಿಗೆ ಹಾಕತಿದ್ರು. ಜೇಲಿನ್ಯಾಗರ ಇರತಿದ್ದ."

ಅತ್ತೆಯ ಕೈ ನಿಲ್ಲಲಿಲ್ಲ, ನನ್ನ ಕೈಯೂ ನಿಲ್ಲಲಿಲ್ಲ. ಬೀಸಿ ಮುಗಿದ ಮೇಲೆ ಹಿಟ್ಟು ತುಂಬಿಕೊಂಡು ಎದ್ದೆವು. ಆಮೇಲೆ ಅವರು ಆ ಮಾತನ್ನು ಎಂದೂ ಎತ್ತಲಿಲ್ಲ. ಒಂದೇ ಒಲೆ, ಒಂದೇ ಪಡಸಾಲೆ, ಅವರು ತೀರುವವರೆಗೂ. ಮಾತು ಮಾತ್ರ ಅಡುಗೆ, ಹೊಲ, ಹುಡುಗ, ಇಷ್ಟರಲ್ಲೇ ತಿರುಗುತ್ತಿತ್ತು. ಆ ಮಾತು ನನ್ನೊಳಗೆ ಎಷ್ಟು ಸಲ ತಿರುಗಿದೆ ಎಂದು ಹೇಳಲಾರೆ. ಅವರೊಳಗೂ ತಿರುಗಿರಬೇಕು. ಅಂಗಿಯನ್ನು ಕೌದಿಗೆ ಕೊಟ್ಟವರು ಅವರು. ಅದನ್ನು ಬಿಚ್ಚಿದವಳು ನಾನು.

ತೀರಿದವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಯಾರಿಗಾದರೂ ಕೊಡಬೇಕು ಎಂದು ಬಂಧುಗಳು ಹೇಳಿದರು. ಧೋತರ ಕೊಟ್ಟೆ, ಅಂಗಿಗಳನ್ನು ಕೊಟ್ಟೆ. ಗೂಟದ ಮೇಲಿನ ರುಮಾಲಿಗೆ ಒಬ್ಬರು ಕೈ ಹಾಕಿದಾಗ ಅತ್ತೆ ಎದ್ದು ನಿಂತು, "ಅದನ್ನ ಮುಟ್ಟಬ್ಯಾಡ್ರಿ" ಎಂದರು. ನಾನು ಹೇಳಬೇಕಾದದ್ದನ್ನು ಅವರು ಹೇಳಿದರು. ವರ್ಷ ವರ್ಷ ಮಿರಗದ ಮಳೆಗೆ ಮೊದಲು ಅದನ್ನು ಬಿಸಿಲಿಗಿಟ್ಟು ಹೊಸ ಬೇವಿನ ಎಲೆ ಹಾಕಿಡುವುದು ಅವರ ಕೆಲಸವಾಯಿತು. ಆಮೇಲೆ ನನ್ನದು. ನಿಮ್ಮ ಅಪ್ಪನಿಗೆ ಗಂಗಾವತಿಯಲ್ಲಿ ನೌಕರಿಯಾಗಿ ಊರು ಬಿಟ್ಟು ಬಂದಾಗ ನಾನು ಮಡಿಲಲ್ಲಿಟ್ಟುಕೊಂಡು ತಂದದ್ದು ಅದೊಂದನ್ನೇ. ಬಸ್ಸು ಗಿಣಿಗೇರಿ ದಾಟುವಾಗ ರೈಲಿನ ಹಳಿ ಕಂಡಿತು. ಅವರು ಹೋದ ದಾರಿ ಅದೇ. ಪಕ್ಕದಲ್ಲಿ ಕೂತಿದ್ದ ನಿಮ್ಮ ಅಪ್ಪನಿಗೂ ಅದನ್ನು ಹೇಳಲಿಲ್ಲ.

ಚಾವಡಿಯಲ್ಲಿ ಓದಿ ಹೇಳಿದ್ದು ಸುಳ್ಳು ಎಂದು ನಾನು ಅನ್ನುವುದಿಲ್ಲ. ಬಳೆ ತೆಗೆದಿದ್ದೇನೆ, ಕುಂಕುಮ ಅಳಿಸಿದ್ದೇನೆ. ಆದರೂ ಕಾಕಾ ಹೇಳಿದ ಕಾಯ್ದೆ ನನ್ನ ತಲೆಯಿಂದ ಹೋಗಿಲ್ಲ. ಹೋದವರು ತಿರುಗಿ ಬರುವವರೋ ಅಲ್ಲವೋ ಎಂದು ತಿಳಿಯಲು ಅವರು ಏನು ಬಿಟ್ಟು ಹೋಗಿದ್ದಾರೆ ಎಂದು ನೋಡಬೇಕು.

ಶಾರದಾ, ನಿನ್ನ ಕೌದಿಗೆ ನನ್ನ ಸೀರೆ ಎಷ್ಟು ಬೇಕಾದರೂ ಹರಿದುಕೋ. ಹಸಿರು ಅಂಚಿನದು ಮೆತ್ತಗಿದೆ, ಕೂಸಿನ ಮೈಗೆ ಒಳ್ಳೆಯದು. ರುಮಾಲನ್ನು ಮತ್ತೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಾನು ಹೋದ ಮೇಲೆ ಮಿರಗದ ಮುಂಚೆ ಬೇವಿನ ಎಲೆ ಬದಲಿಸಿ. ಸುತ್ತು ಬಿಚ್ಚಬೇಡಿ.